ನೋಟಿಸು ಯಾರ ಕೈ ಸೇರುತ್ತಿದೆ? ತೆರಿಗೆ ಅಧಿಕಾರಿಗಳಿಗೂ ತೆರಿಗೆದಾರರಿಗೂ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ದಾವಣಗೆರೆ ವಿಭಾಗದ ವಾಣಿಜ್ಯ ತೆರಿಗೆ ಅಧಿಕಾರಿಗಳಿಗೆ, ಆದಾಯ ತೆರಿಗೆ ಇಲಾಖೆಯ ಅಧಿಕಾರಿಗಳಿಗೆ, ಜೊತೆಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ವ್ಯಾಪಾರಸ್ಥರಿಗೆ, ರೈತರಿಗೆ,

ಮಾನ್ಯರೇ,

ಮಂಡಿಪೇಟೆಯ ಸಣ್ಣ ವ್ಯಾಪಾರಿಗೆ ತನ್ನ ಮೇಲೆ ತೆರಿಗೆ ಆದೇಶ ಆಗಿದೆ ಎಂಬ ಸುದ್ದಿ ಮೊದಲು ಮುಟ್ಟುವುದು ಎಷ್ಟೋ ಸಲ ಬ್ಯಾಂಕಿನಿಂದ. ಕೊಟ್ಟ ಚೆಕ್ಕು ವಾಪಸಾಗುತ್ತದೆ. ಹೋಗಿ ಕೇಳಿದರೆ, ಜಿಎಸ್‌ಟಿ ಕಚೇರಿಯಿಂದ ಬಾಕಿ ವಸೂಲಿಯ ಡಿಆರ್‌ಸಿ-13 ನೋಟಿಸು ಬಂದಿದೆ, ಖಾತೆ ತಡೆಹಿಡಿದಿದ್ದೇವೆ ಅನ್ನುತ್ತಾರೆ. ಪೋರ್ಟಲ್ ತೆರೆದು ನೋಡಿದಾಗ ರಿಟರ್ನ್‌ನಲ್ಲಿ ವ್ಯತ್ಯಾಸವಿದೆ ಎಂದು ಹೇಳುವ ಎಎಸ್‌ಎಂಟಿ-10 ನೋಟಿಸು ಬಂದು ತಿಂಗಳುಗಳೇ ಕಳೆದಿರುತ್ತವೆ. ಅದರ ಬೆನ್ನಿಗೆ ಮುನ್ಸೂಚನೆಯ ಡಿಆರ್‌ಸಿ-01ಎ, ಆಮೇಲೆ ಕಾರಣ ಕೇಳುವ ಡಿಆರ್‌ಸಿ-01, ವಿಚಾರಣೆಗೆ ಬನ್ನಿ ಎಂಬ ನೆನಪೋಲೆ, ಕೊನೆಗೆ ಡಿಆರ್‌ಸಿ-07 ಆದೇಶ, ಎಲ್ಲವೂ ಸಾಲಾಗಿ ಕೂತಿರುತ್ತವೆ. ಒಂದನ್ನೂ ಆತ ಕಂಡಿರುವುದಿಲ್ಲ. ಮೇಲ್ಮನವಿಗೆ ಇದ್ದ 3 ತಿಂಗಳೂ, ತಡವಾದದ್ದಕ್ಕೆ ಕಾರಣ ಕೊಟ್ಟರೆ ಸಿಗುವ ಇನ್ನೊಂದು ತಿಂಗಳೂ ಕಳೆದಿದ್ದರೆ ಜಿಎಸ್‌ಟಿ ಕಾಯ್ದೆಯ 107ನೇ ಕಲಮಿನ ಬಾಗಿಲು ಮುಚ್ಚಿತು. ಆಮೇಲೆ ಉಳಿಯುವುದು ಹೈಕೋರ್ಟಿನಲ್ಲಿ ರಿಟ್ ಅರ್ಜಿ. ನಮ್ಮ ಎರಡೂ ಜಿಲ್ಲೆಗಳು ಧಾರವಾಡ ಪೀಠಕ್ಕೆ ಸೇರಿಲ್ಲ, ಅದಕ್ಕೂ ಬೆಂಗಳೂರಿಗೇ ಹೋಗಬೇಕು.

ಈ ಎರಡು ಜಿಲ್ಲೆಗಳಲ್ಲಿ ತೆರಿಗೆ ಲೆಕ್ಕಪತ್ರದ ಕೆಲಸ ಮಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ತೆರಿಗೆದಾರ ಯಾರು, ಅವನ ವಹಿವಾಟು ಎಷ್ಟು ಎಂದು ಪತ್ತೆ ಹಚ್ಚುವ ಕೆಲಸ ಇಂದು ಬಹಳ ಚುರುಕಾಗಿದೆ. ಪತ್ತೆ ಹಚ್ಚಿದ ಮೇಲೆ ಅವನಿಗೆ ಸುದ್ದಿ ಮುಟ್ಟಿಸುವ ಕೆಲಸ ಮಾತ್ರ ಒಂದು ಹಳೆಯ ಇ-ಮೇಲ್ ವಿಳಾಸಕ್ಕೆ ಜೋತುಬಿದ್ದಿದೆ. ತೆರಿಗೆ ತಪ್ಪಿಸುವ ಉದ್ದೇಶವೇ ಇಲ್ಲದವರೂ ಇದರಿಂದ ಪೆಟ್ಟು ತಿನ್ನುತ್ತಿದ್ದಾರೆ.

ಗುರುತಿನ ವಿಷಯದಿಂದ ಶುರು ಮಾಡುತ್ತೇವೆ. ಪ್ಯಾನ್‌ನಲ್ಲಿ 10 ಸ್ಥಾನಗಳು: 5 ಇಂಗ್ಲಿಷ್ ಅಕ್ಷರ, 4 ಅಂಕಿ, ಕೊನೆಗೊಂದು ಅಕ್ಷರ. ನಾಲ್ಕನೆಯ ಅಕ್ಷರ ಯಾವ ವರ್ಗದವರೆಂದು ಹೇಳುತ್ತದೆ; ವ್ಯಕ್ತಿಗೆ ಪಿ, ಅವಿಭಕ್ತ ಕುಟುಂಬಕ್ಕೆ ಹೆಚ್, ಪಾಲುದಾರಿಕೆಗೆ ಎಫ್, ಕಂಪನಿಗೆ ಸಿ, ಟ್ರಸ್ಟಿಗೆ ಟಿ. ಐದನೆಯದು ವ್ಯಕ್ತಿಯಾದರೆ ಉಪನಾಮದ ಮೊದಲ ಅಕ್ಷರ. ಜಿಎಸ್‌ಟಿ ಸಂಖ್ಯೆಯ 15 ಸ್ಥಾನಗಳಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಅದೇ ಪ್ಯಾನ್. ಹದಿಮೂರನೆಯದು ಆ ಪ್ಯಾನ್‌ಗೆ ರಾಜ್ಯದೊಳಗೆ ಇದು ಎಷ್ಟನೆಯ ನೋಂದಣಿ ಎಂಬುದು. ಬ್ಯಾಂಕ್ ಖಾತೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ, ಕಾರು ಖರೀದಿ, ಜಿಎಸ್‌ಟಿ ನೋಂದಣಿ ಎಲ್ಲವನ್ನೂ ಈ ಒಂದು ಗೂಟಕ್ಕೆ ಕಟ್ಟಲಾಗಿದೆ. ಗೂಟದಲ್ಲೇ ಹೆಸರು ತಪ್ಪಿದರೆ ಕಟ್ಟಿದ ಎಲ್ಲ ಹಗ್ಗಗಳೂ ಸಿಕ್ಕಾಗುತ್ತವೆ.

ನಮ್ಮ ಸೀಮೆಯಲ್ಲಿ ಹೆಸರು ತಪ್ಪುವುದಕ್ಕೆ ಕಾರಣಗಳಿವೆ. ಇಲ್ಲಿ ಬಹಳ ಜನಕ್ಕೆ ಉಪನಾಮವೇ ಇಲ್ಲ. ಪಹಣಿಯಲ್ಲಿ 'ತಿಪ್ಪೇಸ್ವಾಮಿ ಬಿನ್ ಹನುಮಂತಪ್ಪ', ಮತದಾರರ ಪಟ್ಟಿಯಲ್ಲಿ 'ತಿಪ್ಪೇಸ್ವಾಮಿ ಹೆಚ್', ಆಧಾರ್‌ನಲ್ಲಿ ಬರೀ 'ತಿಪ್ಪೇಸ್ವಾಮಿ'. ಪ್ಯಾನ್ ಅರ್ಜಿಯ ಉಪನಾಮದ ಅಂಕಣದಲ್ಲಿ ಇನಿಷಿಯಲ್ ಬರೆಯುವಂತಿಲ್ಲ, ಅಂಕಣ ಖಾಲಿ ಬಿಡುವಂತೆಯೂ ಇಲ್ಲ. ಹಾಗಾಗಿ ಅರ್ಜಿ ತುಂಬಿದವರು ಅಲ್ಲಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಹಾಕಿಬಿಡುತ್ತಾರೆ. ಒಂದೇ ಹೆಸರಿದ್ದರೆ ಆ ಒಂದನ್ನೇ ಉಪನಾಮದ ಅಂಕಣದಲ್ಲಿ ಬರೆದು ಉಳಿದ ಎರಡನ್ನೂ ಖಾಲಿ ಬಿಡಬೇಕು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಇನ್ನು ಕಾಗುಣಿತ. ಚಿತ್ರದುರ್ಗ, ಚಳ್ಳಕೆರೆ ಕಡೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಓಣಿಗೆ ನಾಲ್ವರು ತಿಪ್ಪೇಸ್ವಾಮಿಗಳಿರುತ್ತಾರೆ. ಇಂಗ್ಲಿಷಿನಲ್ಲಿ ಒಬ್ಬರು ಟಿ ನಂತರ ಹೆಚ್ ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಒಬ್ಬರದು ವೈ ಅಕ್ಷರದಲ್ಲಿ ಮುಗಿಯುತ್ತದೆ, ಇನ್ನೊಬ್ಬರದು ಐ ಅಕ್ಷರದಲ್ಲಿ. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಕಂಪ್ಯೂಟರಿನ ಪಾಲಿಗೆ ನಾಲ್ಕು.

ಪ್ಯಾನ್ ಮತ್ತು ಆಧಾರ್ ತಾಳೆಯಾಗಬೇಕಾದರೆ ಹೆಸರು, ಜನ್ಮದಿನಾಂಕ, ಲಿಂಗ ಮೂರೂ ಕೂಡಬೇಕು. ಹೆಸರಿನಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಆಧಾರ್ ಒಟಿಪಿಯಿಂದ ದಾಟಬಹುದು. ಜನ್ಮದಿನಾಂಕ ತಪ್ಪಿದ್ದರೆ ದಾಟಲಾಗದು. ಹಳ್ಳಿಯ ಹಿರಿಯರ ಆಧಾರ್‌ನಲ್ಲಿ ಜನವರಿ 1 ಎಂದಿರುವುದು, ಶಾಲೆಯ ದಾಖಲೆ ಹಿಡಿದು ಮಾಡಿಸಿದ ಪ್ಯಾನ್‌ನಲ್ಲಿ ಬೇರೆ ಇರುವುದು ಸಾಮಾನ್ಯ. ಇಂಥವರು ಆಧಾರ್ ತಿದ್ದಿಸಲು ಓಡಬೇಡಿ ಎಂದು ನಮ್ಮ ಸಲಹೆ. ಆಧಾರ್‌ನಲ್ಲಿ ಜನ್ಮದಿನಾಂಕ ಜೀವಮಾನದಲ್ಲಿ ಒಂದು ಸಲ, ಹೆಸರು ಎರಡು ಸಲ ಮಾತ್ರ ತಿದ್ದಲು ಅವಕಾಶ. ಆ ಅವಕಾಶ ಉಳಿಸಿಕೊಂಡು, ಆಧಾರ್‌ನಲ್ಲಿ ಇರುವುದು ಸರಿಯಿದ್ದರೆ ಪ್ಯಾನನ್ನೇ ಅದಕ್ಕೆ ಹೊಂದಿಸುವುದು ಜಾಣತನ. 2023ರ ಜೂನ್ 30ರೊಳಗೆ ಜೋಡಿಸದವರ ಪ್ಯಾನ್ ಜುಲೈ 1ರಿಂದ ನಿಷ್ಕ್ರಿಯವಾಯಿತು; 1000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಿದರೆ ಮತ್ತೆ ಜೀವ ಬರುತ್ತದೆ. ನಿಷ್ಕ್ರಿಯವಾಗಿರುವಷ್ಟು ದಿನ ರೀಫಂಡ್ ಬರುವುದಿಲ್ಲ, ಠೇವಣಿಯ ಬಡ್ಡಿಗೆ ಶೇ. 10ರ ಬದಲು ಶೇ. 20 ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿಯುತ್ತಾರೆ. ಎರಡು ಪ್ಯಾನ್ ಇರುವವರು ಒಂದನ್ನು ಇಲಾಖೆಗೆ ಒಪ್ಪಿಸಲೇಬೇಕು, ಇಟ್ಟುಕೊಂಡರೆ 10,000 ರೂಪಾಯಿ ದಂಡಕ್ಕೆ ಅವಕಾಶವಿದೆ.

ಇನ್ನು ಮಾಹಿತಿ ಎಲ್ಲಿಂದ ಬರುತ್ತದೆ ಎಂಬುದು. 1961ರ ಆದಾಯ ತೆರಿಗೆ ಕಾಯ್ದೆಯ 285ಬಿಎ ಕಲಂ ಮತ್ತು 114ಇ ನಿಯಮದಡಿ, ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಜಮೆಯಾದರೆ, ಚಾಲ್ತಿ ಖಾತೆಗೆ 50 ಲಕ್ಷವಾದರೆ, 30 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ಕೈ ಬದಲಾದರೆ ಆ ವಿವರ ತಾನಾಗಿಯೇ ಇಲಾಖೆ ಸೇರುತ್ತದೆ. 2021ರ ನವೆಂಬರ್‌ನಿಂದ ಇದೆಲ್ಲ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್‌ನಲ್ಲಿ ತೆರಿಗೆದಾರನ ಕಣ್ಣಿಗೂ ಕಾಣುತ್ತದೆ. ಒಳ್ಳೆಯ ವ್ಯವಸ್ಥೆ ಎಂದು ಮನಸಾರೆ ಹೇಳುತ್ತೇವೆ.

ಆದರೆ ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಇದು ಹೇಗೆ ಸುತ್ತಿಕೊಳ್ಳುತ್ತದೆ ನೋಡಿ. ತಂದೆ ಮತ್ತು ಮಗನ ಜಂಟಿ ಖಾತೆಗೆ ಅಡಿಕೆ ಮಾರಿದ 14 ಲಕ್ಷ ನಗದು ಕಟ್ಟಿದರು ಅನ್ನೋಣ. ಜಂಟಿ ಖಾತೆಯಾದರೆ ಪೂರ್ತಿ ಮೊತ್ತವನ್ನು ಎಲ್ಲ ಖಾತೆದಾರರ ಹೆಸರಿಗೂ ತೋರಿಸಬೇಕು ಎಂದು ನಿಯಮವೇ ಹೇಳುತ್ತದೆ. ಹಾಗಾಗಿ ತಂದೆಯ ಎಐಎಸ್‌ನಲ್ಲೂ 14 ಲಕ್ಷ, ಬೆಂಗಳೂರಿನಲ್ಲಿ ಸಂಬಳಕ್ಕಿರುವ ಮಗನ ಎಐಎಸ್‌ನಲ್ಲೂ 14 ಲಕ್ಷ. ಮಗನ ರಿಟರ್ನ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ, ಪ್ರಶ್ನೆ ಬರುತ್ತದೆ. ಪರಿಹಾರ ಎಐಎಸ್‌ನಲ್ಲೇ ಇದೆ. ಆ ಸಾಲಿನ ಮೇಲೆ ಒತ್ತಿ ಅಭಿಪ್ರಾಯ ದಾಖಲಿಸುವಾಗ ಮಗ 'ಈ ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು' ಎಂಬುದನ್ನು ಆರಿಸಿ ತಂದೆಯ ಪ್ಯಾನ್ ಕೊಡಬೇಕು. ತಂದೆ 'ಮಾಹಿತಿ ಸರಿಯಿದೆ' ಎಂದು ಒಪ್ಪಿಕೊಂಡು, ರಿಟರ್ನ್‌ನಲ್ಲಿ ಕೃಷಿ ಆದಾಯ ತೋರಿಸಬೇಕು. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ನಮೂನೆ ನಡೆಯುವುದಿಲ್ಲ, ಐಟಿಆರ್-2 ಬೇಕು. ಪಹಣಿ, ಮಂಡಿಯವರು ಕೊಟ್ಟ ಪಟ್ಟಿ, ತೂಕದ ಚೀಟಿ ಇವನ್ನು ವರ್ಷವಾರು ಕಟ್ಟಿಡಿ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ಎಂಬುದು ನಿಜ, ಆದರೆ ಅದು ಕೃಷಿ ಆದಾಯವೇ ಎಂದು ತೋರಿಸುವ ಹೊಣೆ ನಮ್ಮದು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಹೋದಾಗ ಆದ ಗದ್ದಲ ಎಲ್ಲರಿಗೂ ನೆನಪಿದೆ. ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಬಂದವು. ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತಾಡಬೇಕಾಯಿತು. ಖಾತೆಗೆ ಬಂದ ಹಣವನ್ನೆಲ್ಲ ಮಾರಾಟ ಎಂದು ಎಣಿಸಿದ್ದು ಆ ಗದ್ದಲದ ಬೇರು. ಖಾತೆಗೆ ಚೀಟಿ ಹಣ ಬರುತ್ತದೆ, ಕೈಸಾಲ ವಾಪಸ್ ಬರುತ್ತದೆ, ಮಗಳು ಮನೆ ಖರ್ಚಿಗೆ ಕಳಿಸುತ್ತಾಳೆ. ಮಾರಾಟವೇ ಆದರೂ ಎಲ್ಲದಕ್ಕೂ ತೆರಿಗೆಯಿಲ್ಲ. ಊರಿನ ಮಂಡಕ್ಕಿ ಭಟ್ಟಿಯವರನ್ನೇ ತೆಗೆದುಕೊಳ್ಳಿ. ಲೇಬಲ್ ಇಲ್ಲದೆ ಬಿಡಿಯಾಗಿ ಮಾರುವ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರು ವಹಿವಾಟು ಎಷ್ಟೇ ಆದರೂ ನೋಂದಣಿ ಮಾಡಿಸಬೇಕಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಆದರೆ ಅದೇ ಅಂಗಡಿಯಲ್ಲಿ 36 ಲಕ್ಷದ ಬಿಡಿ ಮಂಡಕ್ಕಿಯ ಜೊತೆ 5 ಲಕ್ಷದ ಪ್ಯಾಕೆಟ್ ಖಾರ ಮಾರಿದರೆ ಲೆಕ್ಕ ಬದಲಾಗುತ್ತದೆ. ಒಟ್ಟು ವಹಿವಾಟು ಎಣಿಸುವಾಗ ತೆರಿಗೆಯಿಲ್ಲದ್ದೂ ಸೇರುತ್ತದೆ, 41 ಲಕ್ಷವಾಗುತ್ತದೆ, 40 ಲಕ್ಷದ ಮಿತಿ ದಾಟಿತು, ನೋಂದಣಿ ಬೇಕು. ತೆರಿಗೆ ಮಾತ್ರ ಖಾರದ 5 ಲಕ್ಷದ ಮೇಲೆ. ಬೆಣ್ಣೆ ದೋಸೆ ಹೋಟೆಲಿನವರಿಗೆ 40 ಲಕ್ಷದ ಮಿತಿ ಅನ್ವಯಿಸುವುದೇ ಇಲ್ಲ. ಹೋಟೆಲಿನಲ್ಲಿ ತಿಂಡಿ ಬಡಿಸುವುದು ಸೇವೆ, ಅದರ ಮಿತಿ 20 ಲಕ್ಷ. ಈ ಒಂದು ವ್ಯತ್ಯಾಸ ತಿಳಿಯದೆ ಕಷ್ಟಕ್ಕೆ ಸಿಕ್ಕವರು ಬಹಳ.

ವ್ಯಾಪಾರಸ್ಥರು ಮಾಡಬೇಕಾದದ್ದು ಹೀಗೆ. ಅಂಗಡಿಗೆ ಪ್ರತ್ಯೇಕ ಚಾಲ್ತಿ ಖಾತೆ ತೆರೆದು ಕ್ಯೂಆರ್ ಕೋಡನ್ನು ಆ ಖಾತೆಗೇ ಕಟ್ಟಿಸಿ. ಗಲ್ಲಾಪೆಟ್ಟಿಗೆಯ ಮೇಲೆ ಹೆಂಡತಿಯದೋ ಮಗನದೋ ಕ್ಯೂಆರ್ ಅಂಟಿಸಿದರೆ ವಹಿವಾಟು ಅವರ ಪ್ಯಾನ್‌ಗೆ ಹೋಗುತ್ತದೆ, ನೋಟಿಸು ಅವರ ಹೆಸರಿಗೆ ಬರುತ್ತದೆ. ನೋಟಿಸು ಬಂದಾಗ ಆ ವರ್ಷದ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ, ತೆರಿಗೆಯಿರುವ ಮಾರಾಟ, ತೆರಿಗೆಯಿಲ್ಲದ ಮಾರಾಟ, ಸ್ವಂತದ ಹಣ ಎಂದು ಮೂರು ಕಂಬ ಹಾಕಿ ಪ್ರತಿ ಜಮೆಯನ್ನೂ ಒಂದರಲ್ಲಿ ಕೂರಿಸಿ. ಖರೀದಿ ಬಿಲ್ಲುಗಳು ಆ ಲೆಕ್ಕಕ್ಕೆ ಆಧಾರ. ಬಾಯಿಮಾತಿನಲ್ಲಿ 'ನಮ್ಮದು ಅಷ್ಟಿಲ್ಲ ಸಾರ್' ಅಂದರೆ ಅಧಿಕಾರಿಗೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ.

ಈಗ ಸುದ್ದಿ ಮುಟ್ಟಿಸುವ ವಿಷಯ. 2017ರಲ್ಲಿ ವ್ಯಾಟ್‌ನಿಂದ ಜಿಎಸ್‌ಟಿಗೆ ಬದಲಾಗುವ ಅವಸರದಲ್ಲಿ ಎಷ್ಟೋ ನೋಂದಣಿಗಳಿಗೆ ಲೆಕ್ಕ ಬರೆಯುವವರ ಮೊಬೈಲ್, ಆಡಿಟರ್ ಕಚೇರಿಯ ಇ-ಮೇಲ್ ಹಾಕಲಾಯಿತು. ಒಟಿಪಿ ಬಂದ ಕೂಡಲೇ ಕೆಲಸ ಆಗಲಿ ಎಂಬ ಅನುಕೂಲ ಅದು. ಆ ಹುಡುಗ ಕೆಲಸ ಬಿಟ್ಟ, ಸಿಮ್ ಬದಲಾಯಿತು, ಆಡಿಟರ್ ಬದಲಾದರು. ಪೋರ್ಟಲ್‌ನಲ್ಲಿ ಹಳೆಯದೇ ಉಳಿಯಿತು. ಈ ತಪ್ಪಿನಲ್ಲಿ ನಮ್ಮ ವೃತ್ತಿಯವರ ಪಾಲೂ ಇದೆ ಎಂದು ಒಪ್ಪಿಕೊಳ್ಳುತ್ತೇವೆ. ಸರಿಪಡಿಸುವುದು ಕಷ್ಟವಲ್ಲ. ಲಾಗಿನ್ ಆಗಿ ನೋಂದಣಿ ತಿದ್ದುಪಡಿಯಲ್ಲಿ 'ನಾನ್-ಕೋರ್' ಆರಿಸಿ, ಅಧಿಕೃತ ಸಹಿದಾರರ ಪುಟದಲ್ಲಿ ಸ್ವಂತ ಮೊಬೈಲ್, ಇ-ಮೇಲ್ ಹಾಕಬೇಕು. ಇದಕ್ಕೆ ಅಧಿಕಾರಿಯ ಒಪ್ಪಿಗೆ ಬೇಡ. ಅಂಗಡಿ ಸ್ಥಳಾಂತರವಾಗಿದ್ದರೆ ಅದು 'ಕೋರ್' ತಿದ್ದುಪಡಿ, 15 ದಿನದೊಳಗೆ ಅರ್ಜಿ ಹಾಕಬೇಕು, ಅಧಿಕಾರಿ ಒಪ್ಪಬೇಕು. ಲಾಗಿನ್ನೇ ಕೈಯಲ್ಲಿಲ್ಲದಿದ್ದರೆ ಗುರುತಿನ ದಾಖಲೆ, ವ್ಯಾಪಾರದ ದಾಖಲೆ ಹಿಡಿದು ನಿಮ್ಮ ವ್ಯಾಪ್ತಿಯ ತೆರಿಗೆ ಕಚೇರಿಗೆ ಹೋಗಿ. ಮೊಬೈಲ್ ಮತ್ತು ಇ-ಮೇಲನ್ನು ಅವರ ಕಡೆಯಿಂದಲೇ ಬದಲಿಸಲು ಬರುತ್ತದೆ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಟಿಸುಗಳು ಎರಡು ಕಡೆ ಇರುತ್ತವೆ. 'ವ್ಯೂ ನೋಟಿಸಸ್ ಅಂಡ್ ಆರ್ಡರ್ಸ್' ಒಂದು, 'ವ್ಯೂ ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್' ಇನ್ನೊಂದು. ಮೊದಲನೆಯದನ್ನು ತೆರೆದು ಏನೂ ಇಲ್ಲ ಎಂದು ನೆಮ್ಮದಿಯಿಂದ ಮುಚ್ಚಿದವರ ಡಿಆರ್‌ಸಿ-01 ಎರಡನೆಯದರಲ್ಲಿ ಇದ್ದ ಪ್ರಕರಣಗಳು ಹೈಕೋರ್ಟುಗಳವರೆಗೂ ಹೋಗಿವೆ. ಪ್ರತಿ ತಿಂಗಳು ರಿಟರ್ನ್ ಹಾಕುವ ದಿನ ಎರಡನ್ನೂ ತೆರೆದು ನೋಡಿ. ಗಡುವುಗಳು ಸಣ್ಣವು: ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೂ ತೆರಿಗೆ ಕಟ್ಟುವ 3ಬಿಗೂ ವ್ಯತ್ಯಾಸವೆಂದು ಬರುವ ಡಿಆರ್‌ಸಿ-01ಬಿಗೆ 7 ದಿನ, ನೋಂದಣಿ ರದ್ದತಿಯ ಆರ್‌ಇಜಿ-17ಕ್ಕೆ 7 ಕೆಲಸದ ದಿನ, ಎಎಸ್‌ಎಂಟಿ-10ಕ್ಕೆ ಸಾಮಾನ್ಯವಾಗಿ 30 ದಿನ. ನೋಂದಣಿ ರದ್ದಾಗಿಹೋಗಿದ್ದರೆ ಆರ್‌ಇಜಿ-21ರಲ್ಲಿ ವಾಪಸ್ ಕೇಳಲು ಆದೇಶ ಮುಟ್ಟಿದಂದಿನಿಂದ 90 ದಿನ. ಆದಾಯ ತೆರಿಗೆಯಲ್ಲಿ 'ಪೆಂಡಿಂಗ್ ಆಕ್ಷನ್ಸ್' ಒಳಗಿನ 'ಇ-ಪ್ರೊಸೀಡಿಂಗ್ಸ್' ನೋಡಬೇಕು. 139(9)ರ ದೋಷದ ನೋಟಿಸಿಗೆ 15 ದಿನ, ರಿಟರ್ನ್‌ನ ಲೆಕ್ಕವನ್ನು ಇಲಾಖೆ ತಿದ್ದಲು ಹೊರಟಾಗ ಬರುವ 143(1)(ಎ) ಹೊಂದಾಣಿಕೆಯ ಸೂಚನೆಗೆ 30 ದಿನ. 2026ರ ಏಪ್ರಿಲ್ 1 ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ನಿಗದಿಯಾದ ದಿನ, ಅಲ್ಲಿ ಕಲಂ ಸಂಖ್ಯೆಗಳು ಬೇರೆ. ಹಿಂದಿನ ವರ್ಷಗಳ ನೋಟಿಸುಗಳು 1961ರ ಕಾಯ್ದೆಯ ಸಂಖ್ಯೆಗಳಲ್ಲೇ ಬರುತ್ತವೆ, ಗಾಬರಿ ಬೇಡ.

ಕಳ್ಳ ನೋಟಿಸಿನ ಬಗ್ಗೆ ಎರಡು ಮಾತು. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ ಡಿನ್ ಎಂಬ ದಾಖಲೆ ಸಂಖ್ಯೆ ಇರಬೇಕು. ಇ-ಫೈಲಿಂಗ್ ಪೋರ್ಟಲ್‌ನ ಮುಖಪುಟದಲ್ಲೇ, ಲಾಗಿನ್ ಆಗದೆ, ಆ ಸಂಖ್ಯೆಯನ್ನೂ ಮೊಬೈಲನ್ನೂ ಕೊಟ್ಟು ಅಸಲಿಯೇ ಎಂದು ನೋಡಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲೂ ನೋಟಿಸಿನ ಮೇಲಿರುವ ಆರ್‌ಎಫ್‌ಎನ್ ಎಂಬ ಉಲ್ಲೇಖ ಸಂಖ್ಯೆಯನ್ನು ಪರಿಶೀಲಿಸುವ ಸೌಲಭ್ಯವಿದೆ. ಒಟಿಪಿ, ಎಟಿಎಂ ಪಿನ್ ಕೇಳುವ ಫೋನು ಯಾವ ಇಲಾಖೆಯದೂ ಅಲ್ಲ.

ಅಧಿಕಾರಿಗಳೇ, ಉಳಿದ ಮಾತು ತಮಗೆ. ಪೋರ್ಟಲ್‌ಗೆ ಹಾಕಿದರೆ ಜಾರಿಯಾದಂತೆ ಎಂದು ತಾವು ಹೇಳಬಹುದು, ಜಿಎಸ್‌ಟಿ ಕಾಯ್ದೆಯ 169ನೇ ಕಲಮಿನಲ್ಲಿ ಅದಕ್ಕೆ ಅವಕಾಶವೂ ಇದೆ. ಆದರೆ ಅದೇ ಕಲಮು ಕೈಗೆ ಕೊಡುವುದು, ನೋಂದಾಯಿತ ಅಂಚೆ ಅಥವಾ ಸ್ಪೀಡ್ ಪೋಸ್ಟ್, ಇ-ಮೇಲ್, ಪತ್ರಿಕೆಯಲ್ಲಿ ಪ್ರಕಟಣೆ, ಬಾಗಿಲಿಗೆ ಅಂಟಿಸುವುದು ಎಂದು ಬೇರೆ ದಾರಿಗಳನ್ನೂ ಕೊಟ್ಟಿದೆ. ಮೂರು ನೋಟಿಸಿಗೂ ಉತ್ತರವೇ ಬರಲಿಲ್ಲ ಎಂದರೆ ಆ ದಾರಿ ಕೆಲಸ ಮಾಡಲಿಲ್ಲ ಎಂದೇ ಅರ್ಥ. ನಾಲ್ಕನೆಯದನ್ನೂ ಅಲ್ಲಿಗೇ ಕಳಿಸುವ ಬದಲು ಕಾಗದದಲ್ಲಿ ಕಳಿಸಿ. ಆದಾಯ ತೆರಿಗೆಯ ಹಳೆಯ 127ನೇ ನಿಯಮ ಇದರಲ್ಲಿ ಮಾದರಿಯಾಗಬಲ್ಲದು. ಪ್ಯಾನ್ ಮತ್ತು ರಿಟರ್ನ್‌ನ ವಿಳಾಸದಲ್ಲಿ ಸಿಗದಿದ್ದರೆ ಬ್ಯಾಂಕು, ಅಂಚೆ ಕಚೇರಿ, ವಿಮಾ ಕಂಪನಿ, ಸರ್ಕಾರಿ ದಾಖಲೆ, ಸ್ಥಳೀಯ ಸಂಸ್ಥೆಯ ದಾಖಲೆಗಳಲ್ಲಿರುವ ವಿಳಾಸಕ್ಕೆ ತಲುಪಿಸಬೇಕು ಎಂದು ಅದು ಹೇಳುತ್ತದೆ. ಯುಪಿಐ ನಡೆಯುವುದೇ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯ ಮೇಲೆ. ಬ್ಯಾಂಕಿನಲ್ಲಿ ಕೆವೈಸಿ ಇದೆ, ಬೆಸ್ಕಾಂ ಮೀಟರ್ ಅಂಗಡಿಯ ಗೋಡೆಯ ಮೇಲಿದೆ, ಮಹಾನಗರ ಪಾಲಿಕೆಯ ಕಂದಾಯ ಪುಸ್ತಕದಲ್ಲಿ ಆಸ್ತಿಯ ವಿಳಾಸವಿದೆ. ಗುರುತಿಸಲು ಬಳಸಿದ ದಾಖಲೆಯನ್ನೇ ತಿಳಿಸಲೂ ಬಳಸಿ ಎಂದು ಕೇಳುತ್ತಿದ್ದೇವೆ. ಏಕಪಕ್ಷೀಯ ಆದೇಶಕ್ಕೆ ಸಹಿ ಹಾಕುವ ಮುನ್ನ ಒಂದು ಫೋನು ಮಾಡಿ, ಮಾಡಿದ ದಿನಾಂಕವನ್ನು ಕಡತದಲ್ಲಿ ಬರೆಯಿರಿ. ನೋಟಿಸು ತಲುಪಿಲ್ಲವೆಂದು ಹೈಕೋರ್ಟು ಪ್ರಕರಣವನ್ನು ಮತ್ತೆ ತಮ್ಮ ಮೇಜಿಗೇ ಕಳಿಸಿದರೆ ಹೋಗುವುದು ತಮ್ಮದೂ ಒಂದು ವರ್ಷ.

ಭಾಷೆಯದೂ ಸಣ್ಣ ವಿಷಯವಲ್ಲ. ರಾಜ್ಯದ ಅಧಿಕೃತ ಭಾಷೆ 1963ರ ಕಾಯ್ದೆಯಂತೆ ಕನ್ನಡ. ಪೋರ್ಟಲ್‌ನ ನಮೂನೆ ಇಂಗ್ಲಿಷಿನಲ್ಲಿದ್ದರೂ ಅದಕ್ಕೆ ಲಗತ್ತಿಸುವ ಪುಟ ತಮ್ಮ ಕೈಯಲ್ಲಿದೆ. ಯಾವ ವರ್ಷದ್ದು, ಯಾವ ಲೆಕ್ಕಕ್ಕೂ ಯಾವ ಲೆಕ್ಕಕ್ಕೂ ವ್ಯತ್ಯಾಸ, ಎಷ್ಟು ರೂಪಾಯಿ, ಯಾವ ದಾಖಲೆ ಬೇಕು, ಯಾವ ತಾರೀಕಿನೊಳಗೆ, ಯಾವ ಕಚೇರಿಯ ಯಾವ ಕೊಠಡಿಗೆ: ಇಷ್ಟನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು ಲಗತ್ತಿಸಿದರೆ ವ್ಯಾಪಾರಿ ಅದನ್ನು ತಾನೇ ಓದಿಕೊಳ್ಳುತ್ತಾನೆ. ಯುಪಿಐ ಆಧಾರದ ನೋಟಿಸಾದರೆ ಯಾವ ಖಾತೆ, ತಿಂಗಳುವಾರು ಎಷ್ಟು ಎಂಬ ಪಟ್ಟಿಯೂ ಜೊತೆಗಿರಲಿ. ಬರೀ ಒಟ್ಟು ಮೊತ್ತ ಕೊಟ್ಟು ವಿವರಣೆ ಕೇಳಿದರೆ ಅವನು ಯಾವ ಜಮೆಗೆ ಉತ್ತರ ಕೊಡಬೇಕು?

ತೀರಿಕೊಂಡವರ ಹೆಸರಿಗೆ ಬರುವ ನೋಟಿಸುಗಳು ಇನ್ನೊಂದು ಸಂಕಟ. ಮೃತರ ಹೆಸರಿಗೆ ಹೊರಡಿಸಿದ ನೋಟಿಸು ನಿಲ್ಲದು ಎಂದು ನ್ಯಾಯಾಲಯಗಳು ಹಲವು ಸಲ ಹೇಳಿವೆ. ಆದರೆ ಮರಣದ ಸುದ್ದಿ ಇಲಾಖೆಗೆ ಗೊತ್ತಾಗಬೇಕಲ್ಲ. ವಾರಸುದಾರರು ಮರಣ ಪ್ರಮಾಣಪತ್ರ, ಮೃತರ ಪ್ಯಾನ್, ನಾಡಕಚೇರಿಯಿಂದ ಪಡೆದ ಜೀವಂತ ಸದಸ್ಯರ ದೃಢೀಕರಣ ಪತ್ರ ಇಟ್ಟು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ವಾರಸುದಾರರೆಂದು ನೋಂದಾಯಿಸಿಕೊಳ್ಳಬೇಕು. ಜಿಎಸ್‌ಟಿಯಲ್ಲಿ ಆರ್‌ಇಜಿ-16 ಅರ್ಜಿ ಹಾಕಿ ನೋಂದಣಿ ರದ್ದು ಮಾಡಿಸಬೇಕು. ವ್ಯಾಪಾರ ಮುಂದುವರಿಸುವ ಮಗ ಹೊಸ ನೋಂದಣಿ ಪಡೆದು, ಉಳಿದಿರುವ ಹೂಡುವಳಿ ತೆರಿಗೆಯನ್ನು (ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ) ಐಟಿಸಿ-02 ನಮೂನೆಯಲ್ಲಿ ವರ್ಗಾಯಿಸಿಕೊಳ್ಳಬಹುದು. ತಂದೆಯ ಲಾಗಿನ್‌ನಲ್ಲೇ ರಿಟರ್ನ್ ಹಾಕುತ್ತಾ ಹೋಗುವವರು ಇಂದೇ ನಿಲ್ಲಿಸಿ.

ದಾವಣಗೆರೆ, ಚಿತ್ರದುರ್ಗದ ತೆರಿಗೆ ಕಚೇರಿಗಳಲ್ಲಿ ವಾರಕ್ಕೊಂದು ದಿನ, ಮೊಬೈಲ್, ಇ-ಮೇಲ್ ಮತ್ತು ವಿಳಾಸ ತಿದ್ದುವುದಕ್ಕೆಂದೇ ಒಂದು ಮೇಜು ಹಾಕಿಕೊಡಿ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಸುಗ್ಗಿಗೆ ಮುನ್ನ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆ ಶೇಂಗಾ ಬರುವ ಮುನ್ನ ಒಂದೊಂದು ದಿನ ಅದೇ ಮೇಜನ್ನು ಅಲ್ಲಿಗೆ ತನ್ನಿ. ಅರ್ಜಿ ತುಂಬುವ ಕೆಲಸಕ್ಕೆ ನಾವು ಬಂದು ಕೂರುತ್ತೇವೆ, ಅದಕ್ಕೆ ಯಾರಿಂದಲೂ ಹಣ ಪಡೆಯುವುದಿಲ್ಲ.

ಇಂತಿ,
ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕೆಲವು ತೆರಿಗೆ ಸಲಹೆಗಾರರು